ಹತ್ತು ರೂಪಾಯಿಯ ಅರ್ಜಿ, ಒಂದು ಗಂಟೆಯ ಅವಕಾಶ: ಗ್ರಾಮ ಪಂಚಾಯಿತಿಯಲ್ಲಿ ಕಡತ ವೀಕ್ಷಣೆ

ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಅಲ್ಲಿ ದೊರೆಯುವ ಸೇವೆಗಳ ಪಟ್ಟಿ ಇರುತ್ತದೆ. ಆಸ್ತಿ ದಾಖಲೆಗಳಾದ ಇ-ಸ್ವತ್ತಿನ ನಮೂನೆ 9 ಮತ್ತು 11, ಕಟ್ಟಡ ಪರವಾನಗಿ, ನಲ್ಲಿ ಸಂಪರ್ಕ, ಬೀದಿ ದೀಪದ ದುರಸ್ತಿ ಇತ್ಯಾದಿ. ನಾನು ಈವರೆಗೆ ಕಂಡ ಯಾವ ಫಲಕದಲ್ಲಿಯೂ ‘ಕಡತ ವೀಕ್ಷಣೆ’ ಎಂಬ ಸಾಲು ಇರಲಿಲ್ಲ. ಆದರೆ ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 2(ಜೆ) ಮಾಹಿತಿಯ ಹಕ್ಕು ಎಂದರೇನು ಎಂಬುದನ್ನು ವಿವರಿಸುವಾಗ ಕಾಮಗಾರಿ, ದಸ್ತಾವೇಜು ಮತ್ತು ದಾಖಲೆಗಳ ಪರಿಶೀಲನೆಯನ್ನೇ ಮೊದಲಿಗೆ ಹೇಳುತ್ತದೆ. ಟಿಪ್ಪಣಿ ಮಾಡಿಕೊಳ್ಳುವುದು, ದೃಢೀಕೃತ ನಕಲು ಪಡೆಯುವುದು, ಸಾಮಗ್ರಿಯ ಮಾದರಿ ಪಡೆಯುವುದು ಅದರ ನಂತರ ಬರುತ್ತವೆ. ಈ ಸೇವೆಯನ್ನು ನಾನು ನಮ್ಮ ಪಂಚಾಯಿತಿಯಲ್ಲಿ ಪಡೆದ ಬಗೆಯನ್ನು ಮತ್ತು ಅದರ ಗುಣದೋಷಗಳನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಪಂಚಾಯಿತಿಯ ಹೆಸರನ್ನು ಬರೆಯುವುದಿಲ್ಲ. ಅಲ್ಲಿನ ಸಿಬ್ಬಂದಿಯನ್ನು ಗುರುತಿಸಿ ನೋಯಿಸುವುದು ನನ್ನ ಉದ್ದೇಶವಲ್ಲ.

ನಮ್ಮ ಬೀದಿಯಲ್ಲಿ ಚರಂಡಿ ಕಾಮಗಾರಿ ಮುಗಿದ ಕೆಲವು ತಿಂಗಳ ನಂತರ ಅದರ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು ಮತ್ತು ಪಾವತಿ ವೋಚರುಗಳ ನಕಲಿಗಾಗಿ ಅರ್ಜಿ ಹಾಕಿದ್ದೆ. ಪುಟಕ್ಕೆ 2 ರೂಪಾಯಿಯಂತೆ 22 ಪುಟಗಳಿಗೆ 44 ರೂಪಾಯಿ ಕಟ್ಟಿದೆ, ನಕಲುಗಳೂ ಸಕಾಲದಲ್ಲಿ ಬಂದವು. ಎಲ್ಲರೂ ‘ಎಂಬಿ ಬುಕ್’ ಎಂದು ಕರೆಯುವ ಅಳತೆ ಪುಸ್ತಕದಲ್ಲಿ ಚರಂಡಿಯ ಉದ್ದ 120 ಮೀಟರ್ ಎಂದಿತ್ತು. ನೆರೆಯವರೊಂದಿಗೆ ಟೇಪು ಹಿಡಿದು ಅಳೆದಾಗ ನಮ್ಮ ಬೀದಿಯಲ್ಲಿ ಸಿಕ್ಕಿದ್ದು 80 ಮೀಟರ್ ಮಾತ್ರ. ಉಳಿದ 40 ಮೀಟರಿನ ಹಣವನ್ನು ಯಾರೋ ನುಂಗಿದ್ದಾರೆಂದು ಬೀದಿಯಲ್ಲಿ ಎಲ್ಲರೂ ತೀರ್ಮಾನಿಸಿದರು, ನಾನೂ ತೀರ್ಮಾನಿಸಿದೆ. ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ದೂರು ಬರೆದು ಸಹಿ ಸಂಗ್ರಹಿಸುವ ಹಂತಕ್ಕೆ ಮಾತು ಬಂದಿತ್ತು. ನಿವೃತ್ತ ಶಿಕ್ಷಕರೊಬ್ಬರು, ‘ಅವರು ಕೊಟ್ಟ ಹಾಳೆಗಳನ್ನಷ್ಟೇ ನೋಡಿದ್ದೀರಿ, ಮೂಲ ಕಡತವನ್ನು ನೋಡಿದ ಮೇಲೆ ಬರೆಯಿರಿ’ ಎಂದು ತಡೆದರು. ಎರಡನೆಯ ಅರ್ಜಿ ಹುಟ್ಟಿದ್ದು ಹೀಗೆ.

ಅರ್ಜಿಯ ವಿಧಾನ ಕಷ್ಟದ್ದಲ್ಲ. ಗ್ರಾಮ ಪಂಚಾಯಿತಿಯ ಸಾರ್ವಜನಿಕ ಮಾಹಿತಿ ಅಧಿಕಾರಿ ಸಾಮಾನ್ಯವಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೇ ಆಗಿರುತ್ತಾರೆ. ಅವರ ಹೆಸರಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದರೆ ಸಾಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಆ ಶುಲ್ಕವೂ ಇಲ್ಲ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ನಕಲು ಕೇಳುವವರಿಗೆ ಈ ಮಿತಿ ಇಕ್ಕಟ್ಟೆನಿಸುತ್ತದೆ, ಏಕೆಂದರೆ ಬೇಕಾದ ಪ್ರತಿಯೊಂದು ಕಾಗದವನ್ನೂ ಹೆಸರಿಸಬೇಕಾಗುತ್ತದೆ. ವೀಕ್ಷಣೆ ಕೇಳುವವರಿಗೆ ಇಂತಹ ಕಾಮಗಾರಿಗೆ ಸಂಬಂಧಿಸಿದ ಟಿಪ್ಪಣಿ ಹಾಳೆ ಸಹಿತ ಸಂಪೂರ್ಣ ಕಡತ, ಅಳತೆ ಪುಸ್ತಕ, ನಗದು ಪುಸ್ತಕ ಮತ್ತು ಆ ಅವಧಿಯ ಸಾಮಾನ್ಯ ಸಭೆಯ ನಡವಳಿ ಪುಸ್ತಕ ಎಂದು ನಾಲ್ಕು ಸಾಲು ಬರೆದರೆ ಮುಗಿಯಿತು. ಮೊದಲ ಒಂದು ಗಂಟೆ ಉಚಿತ. ಅನಂತರದ ಪ್ರತಿ ಅರ್ಧ ಗಂಟೆಗೆ 20 ರೂಪಾಯಿ.

ಅರ್ಜಿ ಕೊಟ್ಟ ಇಪ್ಪತ್ತನಾಲ್ಕನೆಯ ದಿನ ದಿನಾಂಕ ಮತ್ತು ವೇಳೆಯನ್ನು ತಿಳಿಸುವ ಪತ್ರ ಬಂತು. ಅಧಿನಿಯಮ ಕೊಟ್ಟಿರುವ 30 ದಿನಗಳ ಒಳಗೇ ಬಂದುದರಿಂದ ಈ ಬಗ್ಗೆ ದೂರಿಲ್ಲ. ನಿಗದಿತ ದಿನ ಅಧಿಕಾರಿಗಳು ತಾಲ್ಲೂಕು ಕೇಂದ್ರದ ಸಭೆಗೆ ಹೋಗಿದ್ದರು, ಕಾರ್ಯದರ್ಶಿಯವರು ಬರಮಾಡಿಕೊಂಡರು. ‘ಇದೆಲ್ಲ ನಿಮಗೆ ಯಾಕೆ ಬೇಕು ಸಾರ್?’ ಎಂದು ಕೇಳಿದ್ದು ನಿಜ. ಅರ್ಜಿದಾರರು ಕಾರಣ ಕೊಡಬೇಕಾಗಿಲ್ಲ ಎಂದು ಪ್ರಕರಣ 6(2) ಹೇಳುತ್ತದೆಯೆಂದು ವಿನಯದಿಂದ ತಿಳಿಸಿದ ಮೇಲೆ ಅವರು ಮತ್ತೆ ಕೇಳಲಿಲ್ಲ.

ನಿಜವಾದ ತೊಂದರೆ ಆರಂಭವಾದದ್ದು ಅಲ್ಲಿಂದ ಮುಂದೆ. ಕಬ್ಬಿಣದ ಬೀರುವಿನಲ್ಲಿ ಕಡತಗಳು ವರ್ಷವಾರು ಇರಲಿಲ್ಲ, ಯೋಜನೆವಾರೂ ಇರಲಿಲ್ಲ. ಹೊರಗೆ ಹೆಸರಿಲ್ಲದ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕಾಯಿತು. ಬಿಲ್ ಕಲೆಕ್ಟರ್ ಮತ್ತು ಡಾಟಾ ಎಂಟ್ರಿ ಆಪರೇಟರ್ ಇಬ್ಬರೂ ತಮ್ಮ ಕೆಲಸ ಬಿಟ್ಟು ಹುಡುಕಿದರು, ಆದರೂ ಚರಂಡಿಯ ಕಡತ ಮೇಜಿಗೆ ಬರಲು ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷಗಳನ್ನು ನನ್ನ ಉಚಿತ ಗಂಟೆಯಲ್ಲಿ ಲೆಕ್ಕ ಹಿಡಿಯಬಾರದೆಂದು ಕೇಳಿಕೊಂಡೆ, ಕಾರ್ಯದರ್ಶಿಯವರು ಒಪ್ಪಿದರು. ಒಪ್ಪದಿದ್ದರೆ ಕೂಲಿ ಬಿಟ್ಟು ಬಂದ ಅರ್ಜಿದಾರನೊಬ್ಬನಿಗೆ ಆ ಗಂಟೆ ಬೀರುವಿನ ಮುಂದೆಯೇ ಕಳೆದುಹೋಗುತ್ತಿತ್ತು.

ಕಡತದಲ್ಲಿ ನಾನು ಈಗಾಗಲೇ ನೋಡಿದ್ದ 22 ಪುಟಗಳ ಹೊರತು ಹೆಚ್ಚೇನೂ ಇರಲಿಲ್ಲ. ಉತ್ತರ ಸಿಕ್ಕಿದ್ದು ನಡವಳಿ ಪುಸ್ತಕದಲ್ಲಿ. ಹಿಂದಿನ ಬೀದಿಯ ಅಂಗನವಾಡಿಗೆ ಮಳೆನೀರು ನುಗ್ಗುತ್ತಿದ್ದ ಕಾರಣ ನಮ್ಮ ಬೀದಿಯ ಚರಂಡಿಯಲ್ಲಿ 40 ಮೀಟರನ್ನು ಕಡಿಮೆ ಮಾಡಿ ಅಲ್ಲಿಗೆ ವರ್ಗಾಯಿಸುವುದೆಂದು ಸಾಮಾನ್ಯ ಸಭೆ ಠರಾವು ಮಾಡಿತ್ತು. ಸಂಜೆ ಹೋಗಿ ಅಳೆದೆವು. ಚರಂಡಿ ಅಲ್ಲಿತ್ತು, ಅಳತೆಯೂ ಸರಿಯಿತ್ತು. ಯಾವ ತಪ್ಪನ್ನೂ ಮಾಡದವರ ಮೇಲೆ ಸಹಿ ಸಂಗ್ರಹಿಸಲು ಹೊರಟಿದ್ದೆವೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಹಾಗೆಂದು ಎಲ್ಲವೂ ಕ್ರಮಬದ್ಧವಾಗಿತ್ತು ಎನ್ನಲಾರೆ: ಅಳತೆ ದಾಖಲಾದ ದಿನಾಂಕಕ್ಕಿಂತ ಠರಾವಿನ ದಿನಾಂಕ ಮೂರು ವಾರ ತಡವಾಗಿತ್ತು, ಅಂದರೆ ಕೆಲಸ ಮೊದಲು ನಡೆದು ಒಪ್ಪಿಗೆ ಆಮೇಲೆ ಬಂದಿತ್ತು. ಇದನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳಿದೆ, ಅಧ್ಯಕ್ಷರು ತಪ್ಪಾಗಿದೆಯೆಂದು ಒಪ್ಪಿಕೊಂಡರು.

ನಕಲಿಗಿಂತ ವೀಕ್ಷಣೆ ಹೆಚ್ಚಿನದು ಎಂದು ನಾನು ಹೇಳುವುದು ಈ ಕಾರಣಕ್ಕೆ. ಪಂಚಾಯಿತಿಯ ಒಂದು ಕಾಮಗಾರಿಯ ಕಥೆ ಒಂದೇ ಕಡತದಲ್ಲಿ ಇರುವುದಿಲ್ಲ. ಕ್ರಿಯಾ ಯೋಜನೆ ಒಂದು ಕಡೆ, ಠರಾವು ನಡವಳಿ ಪುಸ್ತಕದಲ್ಲಿ, ಅಳತೆ ಎಂಜಿನಿಯರ್ ಬಳಿಯ ಎಂಬಿಯಲ್ಲಿ, ಪಾವತಿ ನಗದು ಪುಸ್ತಕದಲ್ಲಿ. ಯಾವ ಕಾಗದ ಇದೆಯೆಂದೇ ತಿಳಿಯದವನು ಅದರ ನಕಲನ್ನು ಹೇಗೆ ಕೇಳಿಯಾನು? ಎದುರಿಗೆ ಕುಳಿತು ಪುಟ ತಿರುಗಿಸಿದಾಗ ಮಾತ್ರ ಒಂದು ದಿನಾಂಕ ಇನ್ನೊಂದು ವಹಿಯತ್ತ ಕೈ ತೋರಿಸುತ್ತದೆ. ಗ್ರಾಮ ಪಂಚಾಯಿತಿಗಳ ಪಂಚತಂತ್ರ ತಂತ್ರಾಂಶದಲ್ಲಿ ಲೆಕ್ಕಪತ್ರ ದಾಖಲಾಗುವುದರಿಂದ ಒಂದಿಷ್ಟು ಅನುಕೂಲವಾಗಿದೆ, ಆದರೆ ತಂತ್ರಾಂಶ ಮೊತ್ತವನ್ನು ತೋರಿಸುವಷ್ಟು ಸುಲಭವಾಗಿ ಆ ಮೊತ್ತದ ಹಿಂದಿನ ಕಾರಣವನ್ನು ತೋರಿಸುವುದಿಲ್ಲ.

ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿಕೆ ಸಿದ್ಧಪಡಿಸಿ ಇಡಬೇಕೆಂದು ಪ್ರಕರಣ 4(1)(ಎ) ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರಕ್ಕೂ ವಿಧಿಸಿದೆ. ಈ ಸೇವೆಯ ದೊಡ್ಡ ಕೊರತೆ ಇಲ್ಲಿದೆ. ನನಗೆ ಯಾರೂ ಕಡತವನ್ನು ನಿರಾಕರಿಸಲಿಲ್ಲ, ಹುಡುಕಲು ಆಗದ ಸ್ಥಿತಿಯಲ್ಲಿ ಇಟ್ಟಿದ್ದರು ಅಷ್ಟೆ. ಆದರೆ ಅರ್ಜಿದಾರನ ಪಾಲಿಗೆ ಇವೆರಡರ ನಡುವೆ ಹೆಚ್ಚಿನ ಅಂತರವಿಲ್ಲ. ಒಂದು ದಪ್ಪ ನೋಟುಬುಕ್ಕು ಮತ್ತು ಒಂದು ವಾರದ ಶ್ರದ್ಧೆಯಿಂದ ಸರಿಪಡಿಸಬಹುದಾದ ದೋಷವಿದು.

ಈ ಹಕ್ಕು ಹುಟ್ಟಿದ್ದೇ ಹಳ್ಳಿಯ ಲೆಕ್ಕದಿಂದ ಎಂಬುದನ್ನು ನೆನೆಯಬೇಕು. ರಾಜಸ್ಥಾನದಲ್ಲಿ 1990ರಲ್ಲಿ ರೂಪುಗೊಂಡ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೂಲಿಕಾರರು ಕಾಮಗಾರಿಗಳ ಹಾಜರಿ ಪಟ್ಟಿ ಮತ್ತು ಬಿಲ್ಲುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿಸಿದರು. 1994ರ ಡಿಸೆಂಬರಿನಲ್ಲಿ ಅಂತಹ ಮೊದಲ ಜನಸುನವಾಯಿ, ಅಂದರೆ ಸಾರ್ವಜನಿಕ ವಿಚಾರಣೆ, ನಡೆಯಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕುಳಿತರು. ‘ನಮ್ಮ ಹಣ, ನಮ್ಮ ಲೆಕ್ಕ’ ಎಂಬುದು ಅವರ ಘೋಷಣೆಯ ಅರ್ಥ. ಕರ್ನಾಟಕವೂ ಕೇಂದ್ರದ ಕಾಯ್ದೆಗೆ ಮುಂಚೆಯೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕು ಅಧಿನಿಯಮವನ್ನು ಮಾಡಿತ್ತು. ಇಷ್ಟು ಹಳೆಯ ಪರಂಪರೆಯ ರಾಜ್ಯದಲ್ಲಿ ಕಡತ ನೋಡಲು ಬಂದವನನ್ನು ಕೂರಿಸಲು ಕಚೇರಿಯಲ್ಲಿ ಒಂದು ಮೇಜು ಖಾಲಿ ಇಲ್ಲದಿರುವುದು ನನಗೆ ನಿಜಕ್ಕೂ ಬೇಸರ ತಂದಿತು. ನಾನು ಕಂಪ್ಯೂಟರ್ ಪೆಟ್ಟಿಗೆಯ ಮೇಲೆ ವಹಿ ಇಟ್ಟುಕೊಂಡು ಬರೆದುಕೊಂಡೆ.

ಮೊಬೈಲಿನಲ್ಲಿ ಚಿತ್ರ ತೆಗೆಯಲು ಅವಕಾಶ ಸಿಗಲಿಲ್ಲ. ಟಿಪ್ಪಣಿ ಮಾಡಿಕೊಳ್ಳುವ ಹಕ್ಕು ಅಧಿನಿಯಮದಲ್ಲಿ ಸ್ಪಷ್ಟವಾಗಿದೆ, ಮೊಬೈಲ್ ಚಿತ್ರದ ಬಗ್ಗೆ ಅದರಲ್ಲಿ ನೇರ ಮಾತಿಲ್ಲ. ಆದ್ದರಿಂದ ವಾದಕ್ಕಿಳಿಯದೆ ಬೇಕಾದ ಮೂರು ಪುಟಗಳ ಪುಟಸಂಖ್ಯೆ ಬರೆದುಕೊಟ್ಟು ದೃಢೀಕೃತ ನಕಲು ಪಡೆದೆ, 6 ರೂಪಾಯಿಯಾಯಿತು. ಹೋಗುವವರು ಪೆನ್ನು, ಹಾಳೆ, ಅರ್ಜಿಯ ಸ್ವೀಕೃತಿ ಮತ್ತು ಕಚೇರಿಯ ಪತ್ರವನ್ನು ತಪ್ಪದೆ ಒಯ್ಯಬೇಕು. ಬರೆಯಲು ಬಾರದವರು ಬಾಯಿಮಾತಿನಲ್ಲಿ ಕೇಳಿದರೆ ಅದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕೆಂಬುದು ಕಾನೂನು. 30 ದಿನ ಕಳೆದರೂ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗ. ನನಗೆ ಅವುಗಳ ಅಗತ್ಯ ಬೀಳದಿದ್ದುದರಿಂದ ಆ ಹಂತಗಳ ಗುಣಮಟ್ಟವನ್ನು ಕುರಿತು ನಾನು ತೀರ್ಪು ಕೊಡಲಾರೆ.

ನಮ್ಮ ಬೀದಿಯವರು ಈಗ ಮೂರನೆಯ ಅರ್ಜಿ ಕೊಟ್ಟಿದ್ದಾರೆ. ಈ ಬಾರಿ ಕೇಳಿರುವುದು ಕಾಗದದ ವೀಕ್ಷಣೆಯನ್ನಲ್ಲ. ಹೊಸದಾಗಿ ಹಾಕಿರುವ ಕಾಂಕ್ರೀಟ್ ರಸ್ತೆಯನ್ನು ಎಂಜಿನಿಯರ್ ಸಮ್ಮುಖದಲ್ಲಿ, ಅಳತೆ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಲು ಮತ್ತು ರಸ್ತೆಯ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯಲು. ಅರ್ಜಿಯ ಮೊದಲ ಸಹಿ ಆ ನಿವೃತ್ತ ಶಿಕ್ಷಕರದು.