ಜಪಾನ್‌ಗೆ ಹೋಗ್ತಿದ್ದೀರಾ? ಮಕ್ಕಳ ಅನಿಮೆ ಶಾಪಿಂಗ್ ಕೊನೆ ದಿನಕ್ಕೆ ಇಡಬೇಡಿ

ನನ್ನ ಮಗನಿಗೆ ಹದಿಮೂರು, ಮಗಳಿಗೆ ಒಂಬತ್ತು. ಇಬ್ಬರಿಗೂ ಅನಿಮೆ, ಅಂದರೆ ಜಪಾನಿ ಕಾರ್ಟೂನ್, ಹುಚ್ಚು. ಮಗನದು ನೂರು ಸಂಪುಟ ದಾಟಿರುವ ಒಂದು ಕಡಲ್ಗಳ್ಳರ ಕಥೆ, ಮಗಳದು ಪೋಕೆಮಾನ್. 2025ರ ಏಪ್ರಿಲ್ ರಜೆಗೆ ಜಪಾನ್ ಅಂತ ತೀರ್ಮಾನ ಆದ ದಿನದಿಂದ ಮಗ ಹುಟ್ಟುಹಬ್ಬದ ದುಡ್ಡು, ಅಜ್ಜಿ ಕೊಟ್ಟ ಯುಗಾದಿ ದುಡ್ಡು ಎಲ್ಲ ಸೇರಿಸಿ ಒಂಬತ್ತು ಸಾವಿರ ಮಾಡಿಕೊಂಡಿದ್ದ. ಆಗ ಒಂದು ಯೆನ್‌ಗೆ ಹೆಚ್ಚುಕಡಿಮೆ 60 ಪೈಸೆ. ಅಂದರೆ ಅವನ ಕೈಯಲ್ಲಿ 15,000 ಯೆನ್. ಆ ದುಡ್ಡು ಎಲ್ಲಿ ಹೋಯಿತು ಅನ್ನುವುದೇ ಈ ಕಥೆ. ತಪ್ಪು ಮುಕ್ಕಾಲು ಪಾಲು ನನ್ನದೇ, ಮೊದಲೇ ಹೇಳಿಬಿಡುತ್ತೇನೆ.

ಪ್ಯಾಕೇಜ್ ಮಾಡಿಕೊಟ್ಟ ಟ್ರಾವೆಲ್ಸ್‌ನವರು ಹೇಳಿದ್ದು ಒಂದೇ ಮಾತು. "ಮೇಡಂ, ಶಾಪಿಂಗ್ ಎಲ್ಲಾ ಲಾಸ್ಟ್ ಡೇ ಇಟ್ಕೊಳ್ಳಿ, ಊರೂರು ಹೊತ್ಕೊಂಡು ತಿರುಗೋದು ತಪ್ಪುತ್ತೆ." ಕೇಳುವುದಕ್ಕೆ ಎಷ್ಟು ಸರಿ ಅನ್ನಿಸುತ್ತೆ ಅಲ್ವಾ? ನಮ್ಮ ಜೊತೆ ಅತ್ತೆ ಬೇರೆ ಇದ್ದರು, ಎಪ್ಪತ್ತೊಂದು ವರ್ಷ, ಮಂಡಿನೋವು. ಲಗೇಜ್ ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ನಾನೂ ತಲೆ ಆಡಿಸಿದೆ. ಒಸಾಕಾ, ಕ್ಯೋಟೊ, ಟೋಕಿಯೊ, ಒಟ್ಟು ಎಂಟು ದಿನ. ಎಂಟನೇ ದಿನ ಬೆಳಿಗ್ಗೆ ಟೋಕಿಯೊದಲ್ಲಿ ಅನಿಮೆ ಅಂಗಡಿಗಳಿಗೇ ಹೆಸರಾದ ಅಕಿಹಬರಾ, ಸಂಜೆ ಐದೂವರೆಗೆ ನರಿಟಾದಿಂದ ವಿಮಾನ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು.

ಒಸಾಕಾದಲ್ಲಿ ನಮ್ಮ ಹೋಟೆಲ್ ಇದ್ದದ್ದು ನಂಬಾದಲ್ಲಿ, ಎರಡು ರಾತ್ರಿ. ಅಲ್ಲಿಂದ ಹತ್ತು ನಿಮಿಷ ನಡೆದರೆ ನಿಪ್ಪೊಂಬಾಶಿಯ ಡೆನ್ ಡೆನ್ ಟೌನ್. ಟೋಕಿಯೊಗೆ ಅಕಿಹಬರಾ ಹೇಗೋ ಒಸಾಕಾಗೆ ಅದು ಹಾಗೆ. ಸೆಕೆಂಡ್ ಹ್ಯಾಂಡ್ ಫಿಗರ್ (ಅನಿಮೆ ಪಾತ್ರಗಳ ಬೊಂಬೆ) ಅಂಗಡಿಗಳು, ಕಾರ್ಡ್ ಅಂಗಡಿಗಳು, ಮಂಗಾ ಅನ್ನುವ ಜಪಾನಿ ಕಾಮಿಕ್ಸ್, ಎಲ್ಲ ಒಂದೇ ಬೀದಿಯಲ್ಲಿ. ಎರಡೂ ಸಂಜೆ ನಾವು ಖಾಲಿ ಕೂತಿದ್ದೆವು. ಮಗ ಫೋನ್‌ನಲ್ಲಿ ಮ್ಯಾಪ್ ತೋರಿಸಿ "ಅಮ್ಮಾ, ಇಲ್ಲೇ ಇದೆ, ಒಂದು ಗಂಟೆ ಅಷ್ಟೇ" ಅಂದ. ನಾನು "ಅದಕ್ಕೇ ಒಂದು ದಿನ ಇಟ್ಟಿದ್ದೀವಲ್ಲೋ, ಸುಮ್ನಿರು" ಅಂದೆ. ಐದನೇ ದಿನ ಸಂಜೆ ಟೋಕಿಯೊದ ಶಿಂಜುಕುನಲ್ಲಿ ಇದ್ದಾಗಲೂ ಅದೇ ಮಾತು. ಅಲ್ಲಿಂದ ಚೂಓ ಲೈನಿನ ಟ್ರೈನ್ ಹತ್ತಿದರೆ ಐದು ನಿಮಿಷಕ್ಕೆ ನಕಾನೊ. ಸ್ಟೇಷನ್‌ನಿಂದ ಮೇಲ್ಛಾವಣಿ ಇರುವ ಒಂದು ಅಂಗಡಿಬೀದಿ ಹಿಡಿದು ನೇರ ನಡೆದರೆ ಕೊನೆಗೆ ನಕಾನೊ ಬ್ರಾಡ್‌ವೇ ಅನ್ನುವ ಅಂಗಡಿ ಕಟ್ಟಡ. ಮಂದರಾಕೆ ಅನ್ನುವ ಹಳೆ ಮಂಗಾ ಅಂಗಡಿ 1980ರಲ್ಲಿ ಶುರುವಾಗಿದ್ದು ಅಲ್ಲೇ. ಅಲ್ಲಿಗೂ ಬೇಡ ಅಂದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತೆ.

ಸರಿ, ಎಂಟನೇ ದಿನ. ಊಎನೊ ಹೋಟೆಲ್‌ನಲ್ಲಿ ಚೆಕೌಟ್ ಮಾಡಿ ಲಗೇಜ್ ಅಲ್ಲೇ ಬಿಟ್ಟೆವು. ನಮ್ಮ ಮನೆಯವರು ಅತ್ತೆಯನ್ನು ಕರೆದುಕೊಂಡು ಊಎನೊ ಪಾರ್ಕಿಗೆ ಹೋದರು. ನಾನು ಇಬ್ಬರು ಮಕ್ಕಳ ಜೊತೆ ಯಮನೊತೆ ಲೈನ್ ಹತ್ತಿ ಎರಡನೇ ಸ್ಟೇಷನ್ ಅಕಿಹಬರಾದಲ್ಲಿ ಇಳಿದಾಗ ಒಂಬತ್ತೂವರೆ. ಬೇಗ ಹೋದರೆ ಜನ ಕಡಿಮೆ ಅಂತ ನನ್ನ ಲೆಕ್ಕ.

ಜನ ಕಡಿಮೆ ಇದ್ದರು ನಿಜ. ಅಂಗಡಿಗಳೂ ಬಾಗಿಲು ಹಾಕಿದ್ದವು.

ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಹಾಗಾಗಿ ನಾನು ಹೇಳುತ್ತಿದ್ದೇನೆ: ಅಲ್ಲಿ ಇಂಥ ಅಂಗಡಿಗಳು ಬೆಳಿಗ್ಗೆ ತೆರೆಯುವುದಿಲ್ಲ. ಕೆಲವು ಹತ್ತಕ್ಕೆ, ಜಾಸ್ತಿ ಅಂಗಡಿಗಳು ಹನ್ನೊಂದಕ್ಕೆ, ಮಂದರಾಕೆಯ ಎಂಟು ಮಹಡಿ ಕಟ್ಟಡ ಮಧ್ಯಾಹ್ನ ಹನ್ನೆರಡಕ್ಕೆ. ಹನ್ನೆರಡಕ್ಕೆ! ನಮಗೆ ನರಿಟಾದಲ್ಲಿ ಎರಡೂವರೆಗೆ ಇರಬೇಕು, ಅದಕ್ಕೆ ಊಎನೊದಿಂದ ಒಂದೂಕಾಲಿನೊಳಗೆ ಟ್ರೈನ್ ಹತ್ತಬೇಕು, ಅದಕ್ಕೂ ಮೊದಲು ಲಗೇಜ್ ತಗೊಳ್ಳಬೇಕು. ಲೆಕ್ಕ ಹಾಕಿದರೆ ನಮ್ಮ "ಪೂರ್ತಿ ದಿನದ ಶಾಪಿಂಗ್" ಒಂದೂವರೆ ಗಂಟೆಗೆ ಇಳಿದಿತ್ತು. ನಕಾನೊ ಕಥೆಯೂ ಹೀಗೆ, ಮಧ್ಯಾಹ್ನದ ಮೇಲೆ ಹೋಗಬೇಕು. ಅಲ್ಲಿ ಎಷ್ಟೋ ಸಣ್ಣ ಅಂಗಡಿಗಳಿಗೆ ವಾರದ ಮಧ್ಯದಲ್ಲಿ, ಬುಧವಾರದ ಆಸುಪಾಸು, ರಜೆ ಇರುತ್ತೆ. ಅದನ್ನೂ ನೋಡಿಕೊಂಡು ಹೋಗಿ.

ಅಂಗಡಿ ತೆರೆಯುವವರೆಗೆ ಏನು ಮಾಡೋದು? ಹತ್ತಕ್ಕೆ ತೆರೆದದ್ದು ಗೇಮ್ ಸೆಂಟರ್. ಗಾಜಿನ ಪೆಟ್ಟಿಗೆಯೊಳಗೆ ಕೊಂಡಿ ಇಳಿಸಿ ಬೊಂಬೆ ಎತ್ತುವ ಮೆಷಿನ್‌ಗಳು, ಸಾಲು ಸಾಲು. ಒಂದು ಆಟಕ್ಕೆ 100 ಯೆನ್. ಮಗನಿಗೆ ಬೇಕಾದ ಪಾತ್ರದ ಬೊಂಬೆ ಎರಡು ಕಂಬಿಗಳ ಮೇಲೆ ಡಬ್ಬಿಯಲ್ಲಿ ಕೂತಿತ್ತು. ಇನ್ನೊಂದು ಸಲ, ಇನ್ನೊಂದು ಸಲ ಅಂತ ಹೋಗಿ ನಾನು ನೋಟು ಚಿಲ್ಲರೆ ಮಾಡಿಸುವ ಮೆಷಿನ್ನಿಗೂ ಅವನ ಮೆಷಿನ್ನಿಗೂ ನಡುವೆ ಓಡಾಡಿದ್ದೇ ಬಂತು. 4,300 ಯೆನ್ ಹೋಯಿತು. ಡಬ್ಬಿ ಒಂದು ಗೇಣು ಸರಿದಿತ್ತು ಅಷ್ಟೆ. ಕೊಂಡಿಯ ಹಿಡಿತ ಎಷ್ಟು ಬಿಗಿ ಇರಬೇಕು ಅಂತ ಅಂಗಡಿಯವರೇ ಇಡುತ್ತಾರೆ, ಒಂದೇ ಸಲಕ್ಕೆ ಎತ್ತಲಿ ಅಂತ ಯಾರೂ ಇಡುವುದಿಲ್ಲ. ಸಿಬ್ಬಂದಿಯನ್ನು ಕರೆದು ಸನ್ನೆ ಮಾಡಿದರೆ ಎಷ್ಟೋ ಕಡೆ ಡಬ್ಬಿಯನ್ನು ಅಂಚಿಗೆ ಸರಿಸಿ ಕೊಡುತ್ತಾರಂತೆ. ಇದು ಆಮೇಲೆ ಗೊತ್ತಾಯಿತು. ಇನ್ನೂ ಹೊಟ್ಟೆ ಉರಿದ ವಿಷಯ ಅಂದ್ರೆ, ಈ ಮೆಷಿನ್‌ಗಳಿಗೆ ಅಂತಲೇ ತಯಾರಾಗುವ ಬೊಂಬೆಗಳು, ಪ್ರೈಜ್ ಫಿಗರ್ ಅಂತಾರೆ, ಪಕ್ಕದ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಡಬ್ಬಿ ಒಡೆಯದೆ 1,500, 2,000 ಯೆನ್‌ಗೆ ಸಿಗುತ್ತವೆ. ಅದೇ ಬೊಂಬೆಯನ್ನು ಹನ್ನೊಂದೂಕಾಲಿಗೆ 1,800ಕ್ಕೆ ನೋಡಿದೆವು. ಮಗ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ.

ಅಷ್ಟರಲ್ಲಿ ಇನ್ನೊಂದು ಕಟ್ಟಡಕ್ಕೆ ಹೊಕ್ಕೆವು. ಒಂದೊಂದು ಮಹಡಿಗೆ ಒಂದೊಂದು ಬಗೆ, ಬೋರ್ಡೆಲ್ಲ ಜಪಾನಿ ಭಾಷೆಯಲ್ಲಿ. ಲಿಫ್ಟ್‌ನಲ್ಲಿ ಮಗಳು ಇಷ್ಟ ಬಂದ ಬಟನ್ ಒತ್ತಿದಳು. ಬಾಗಿಲು ತೆರೆದ ಮಹಡಿಯ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಒಂದು ಕೈಯಲ್ಲಿ ಅವಳ ಕಣ್ಣು ಮುಚ್ಚಿ ಇನ್ನೊಂದು ಕೈಯಲ್ಲಿ ಬಟನ್ ಒತ್ತುತ್ತಾ ನಿಂತಿದ್ದೆ, ಮಗ ಮಾತ್ರ ಛಾವಣಿ ನೋಡುತ್ತಾ ಬಹಳ ಸಭ್ಯನಾಗಿದ್ದ. ಅಲ್ಲಿ ದೊಡ್ಡವರ ಸರಕು, ಮಕ್ಕಳ ಸರಕು ಒಂದೇ ಕಟ್ಟಡದಲ್ಲಿ ಇರುವುದು ಮಾಮೂಲು. ಲಿಫ್ಟ್ ಹತ್ತಿರದ ಬೋರ್ಡಿನಲ್ಲಿ 18 ಅನ್ನುವ ಅಂಕಿ ಇದೆಯಾ ನೋಡಿ, ಇದ್ದರೆ ಮಕ್ಕಳ ಜೊತೆ ಆ ಮಹಡಿ ಬಿಟ್ಟುಬಿಡಿ. ಸಣ್ಣ ಮಕ್ಕಳಿದ್ದರೆ ಟೋಕಿಯೊದಲ್ಲೇ ಇಕೆಬುಕುರೊ ವಾಸಿ. ಸನ್‌ಶೈನ್ ಸಿಟಿ ಮಾಲ್‌ನಲ್ಲಿ ದೊಡ್ಡ ಪೋಕೆಮಾನ್ ಸೆಂಟರ್ ಇದೆ. ಶಿಬುಯಾದ ಪಾರ್ಕೊ ಮಾಲ್‌ನ ಆರನೇ ಮಹಡಿಯಲ್ಲೂ ಪೋಕೆಮಾನ್, ವಿಡಿಯೊ ಗೇಮ್‌ನ ನಿಂಟೆಂಡೊ, ಮಂಗಾ ಪತ್ರಿಕೆ ಜಂಪ್‌ನ ಅಂಗಡಿಗಳು ಅಕ್ಕಪಕ್ಕ ಇವೆ, ಅತ್ತೆಯಂಥವರಿಗೆ ಕೂರುವುದಕ್ಕೆ ಜಾಗವೂ ಸಿಗುತ್ತೆ.

ಈಗ ಮುಖ್ಯ ಪೆಟ್ಟಿನ ವಿಷಯ. ಅಕಿಹಬರಾದಲ್ಲಿ ಬಾಡಿಗೆ ಗೂಡಿನ ಅಂಗಡಿಗಳಿವೆ. ಗೋಡೆ ತುಂಬ ಬೀಗ ಹಾಕಿದ ಚಿಕ್ಕ ಚಿಕ್ಕ ಗಾಜಿನ ಗೂಡುಗಳು. ಒಂದೊಂದು ಗೂಡನ್ನು ಒಬ್ಬೊಬ್ಬರು ಬಾಡಿಗೆಗೆ ಹಿಡಿದು ತಮ್ಮ ಹಳೆ ಸಾಮಾನು ಮಾರುತ್ತಾರೆ, ಬೆಲೆ ಅವರವರೇ ಇಡುತ್ತಾರೆ, ಅಂಗಡಿಯವರು ದುಡ್ಡು ತಗೊಂಡು ಬೀಗ ತೆಗೆದು ಕೊಡುತ್ತಾರೆ ಅಷ್ಟೇ. ಅಂಥ ಒಂದು ಕಡೆ ಮಗನಿಗೆ ಬೇಕಾಗಿದ್ದ ಕತ್ತಿವೀರ ಸಿಕ್ಕ. 7,800 ಯೆನ್. ಗಂಟೆ ಹನ್ನೆರಡೂ ಇಪ್ಪತ್ತು. ಬೇರೆ ಕಡೆ ಬೆಲೆ ನೋಡುವುದಕ್ಕೆ ಸಮಯ ಇಲ್ಲ. ಡಬ್ಬಿಯ ಮೇಲೆ ಹಳದಿ ಚೀಟಿಯಲ್ಲಿ ಪೆನ್ನಿನಿಂದ ಏನೋ ಬರೆದಿತ್ತು. ನಾನು ಬೆಲೆ ಅಂದುಕೊಂಡೆ. ಮಗ ಡಿಸ್ಕೌಂಟ್ ಅಂದುಕೊಂಡ. ಕೊಟ್ಟು ಓಡಿದೆವು.

ಆಮೇಲೆ ಮಗಳಿಗೆ ಬೇರೆ ಅಂಗಡಿಯಲ್ಲಿ ಬೊಂಬೆ, ಪೆನ್ಸಿಲ್ ಡಬ್ಬಿ, ಗೆಳತಿಯರಿಗೆ ಕೀಚೈನ್ ಅಂತ 11,000 ಯೆನ್ ಬಿಲ್ ಆಯಿತು. ಪ್ರವಾಸಿಗರಿಗೆ 10 ಪರ್ಸೆಂಟ್ ಟ್ಯಾಕ್ಸ್ ಬಿಡುತ್ತಾರೆ ಅಂತ ಗೊತ್ತಿತ್ತು, ಒಂದೇ ಅಂಗಡಿಯಲ್ಲಿ ಒಂದೇ ದಿನ ಟ್ಯಾಕ್ಸ್ ಬಿಟ್ಟು 5,000 ಯೆನ್ ಆದರೂ ಆಗಬೇಕು ಅನ್ನುವುದೂ ಗೊತ್ತಿತ್ತು. ಪಾಸ್‌ಪೋರ್ಟ್ ಕೇಳಿದರು. ಐದೂ ಪಾಸ್‌ಪೋರ್ಟ್ ಊಎನೊ ಪಾರ್ಕಿನಲ್ಲಿ, ನಮ್ಮ ಮನೆಯವರ ಸೊಂಟದ ಪೌಚ್‌ನಲ್ಲಿ. ಫೋನ್‌ನಲ್ಲಿ ಫೋಟೊ ತೋರಿಸಿದೆ. ಆ ಹುಡುಗಿ ಎರಡೂ ಕೈ ಅಡ್ಡ ಹಿಡಿದು ಕತ್ತರಿ ಗುರುತು ಮಾಡಿ ಬಗ್ಗಿ ನಮಸ್ಕಾರ ಮಾಡಿದಳು. 1,000 ಯೆನ್ ಹೋಯಿತು. ನಿಜ ಹೇಳಬೇಕೆಂದರೆ ಅಲ್ಲಿ ಪ್ರವಾಸಿಗರು ಪಾಸ್‌ಪೋರ್ಟ್ ಸದಾ ಜೊತೆಗಿಟ್ಟುಕೊಳ್ಳಬೇಕು ಅಂತ ಕಾನೂನೇ ಇದೆ, ಕಳೆದುಹೋದೀತು ಅಂತ ಎಲ್ಲವನ್ನೂ ಒಬ್ಬರ ಕೈಗೆ ಕೊಡುವುದು ನಮ್ಮ ಅಭ್ಯಾಸ. ಇನ್ನೊಂದು: 2026ರ ನವೆಂಬರ್ 1ರಿಂದ ಈ ಪದ್ಧತಿಯೇ ಬದಲು. ಅಂಗಡಿಯಲ್ಲಿ ಟ್ಯಾಕ್ಸ್ ಸೇರಿಸಿ ಪೂರ್ತಿ ಕೊಡಬೇಕು, ದೇಶ ಬಿಡುವಾಗ ಕಸ್ಟಮ್ಸ್‌ನಲ್ಲಿ ಖಾತ್ರಿ ಆದ ಮೇಲೆ ದುಡ್ಡು ವಾಪಸ್. ಅಂದರೆ ಏರ್‌ಪೋರ್ಟ್‌ನಲ್ಲಿ ಅದಕ್ಕೂ ಸಮಯ ಇಟ್ಟುಕೊಳ್ಳಬೇಕು, ಸಾಮಾನು ತೋರಿಸು ಅಂದರೆ ಕೈಗೆ ಸಿಗುವ ಹಾಗೂ ಇರಬೇಕು. ನಮ್ಮ ಥರ ಕೊನೆ ಗಳಿಗೆಯಲ್ಲಿ ಓಡುವವರಿಗೆ ಆ ದುಡ್ಡು ಹೋದ ಹಾಗೇ ಲೆಕ್ಕ.

ಮಂಗಾ ಪುಸ್ತಕ? ಅದನ್ನು ಕೇಳಲೇ ಬೇಡಿ. ಜಪಾನ್‌ನಲ್ಲಿ ಮಂಗಾ ಜಪಾನಿ ಭಾಷೆಯಲ್ಲಿ ಇರುತ್ತೆ ಅನ್ನುವ ಸರಳ ವಿಷಯ ನಮ್ಮ ಇಡೀ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಇಂಗ್ಲಿಷ್‌ನಲ್ಲಿ ಬೇಕಿದ್ದರೆ ಶಿಂಜುಕುನಲ್ಲಿ, ಟಕಾಶಿಮಾಯಾ ಮಳಿಗೆ ಪಕ್ಕದ ಕಿನೊಕುನಿಯಾ ಪುಸ್ತಕದಂಗಡಿಯ ವಿದೇಶಿ ಪುಸ್ತಕಗಳ ಮಹಡಿಯಲ್ಲಿ ಸಿಗುತ್ತೆ, ಆದರೆ ಆಮದು ಪುಸ್ತಕ, ಬೆಲೆ ಜಾಸ್ತಿ. ನಮ್ಮ ಚರ್ಚ್ ಸ್ಟ್ರೀಟ್‌ನಲ್ಲೇ ಅಗ್ಗ. ನೆನಪಿಗೆ ಜಪಾನಿಯದೇ ಒಂದಿರಲಿ ಅನ್ನುವವರು ಬುಕ್ ಆಫ್ ಅನ್ನುವ ಹಳೆ ಪುಸ್ತಕದ ಅಂಗಡಿಗೆ ಹೋಗಿ, ಒಂದು ಕಾಫಿ ದುಡ್ಡಿಗಿಂತ ಕಡಿಮೆಗೆ ಸಿಗುತ್ತೆ.

ನರಿಟಾ. ಬರುವಾಗ ಅವಲಕ್ಕಿ, ಚಟ್ನಿಪುಡಿ, ರೆಡಿಮೇಡ್ ಉಪ್ಪಿಟ್ಟು ತುಂಬಿಕೊಂಡು ಬಂದಿದ್ದೆವು, ಅತ್ತೆ ಸಸ್ಯಾಹಾರಿ, ಅಲ್ಲಿ ಸಾರಿನಲ್ಲೂ ಮೀನಿನ ರಸ ಇರುತ್ತೆ. ಅದೆಲ್ಲ ಖಾಲಿಯಾದ ಜಾಗದಲ್ಲಿ ಬೊಂಬೆ ಹೋಗುತ್ತೆ ಅಂದುಕೊಂಡಿದ್ದೆ. ತೂಕಕ್ಕೇನೂ ತೊಂದರೆ ಇರಲಿಲ್ಲ. ಆದರೆ ಫಿಗರ್ ಡಬ್ಬಿಯಲ್ಲಿ ಮುಕ್ಕಾಲು ಪಾಲು ಗಾಳಿ. ಸೂಟ್‌ಕೇಸ್ ಮುಚ್ಚಲಿಲ್ಲ. ಚೆಕ್‌ಇನ್ ಕ್ಯೂ ಪಕ್ಕದಲ್ಲಿ ನೆಲದ ಮೇಲೆ ಎರಡು ಸೂಟ್‌ಕೇಸ್ ಹರಡಿಕೊಂಡು, ಅತ್ತೆಯ ಸೀರೆಗಳೆಲ್ಲ ಜಪಾನಿಗೆ ಕಾಣುವ ಹಾಗೆ ಕೂತಿದ್ದೆ. ಬೇರೆ ದಾರಿ ಕಾಣದೆ ಡಬ್ಬಿ ಕಿತ್ತು ಒಳಗಿನ ಪ್ಲಾಸ್ಟಿಕ್ ಅಚ್ಚನ್ನು ಮಾತ್ರ ಹೊರತೆಗೆದೆ.

ಅಚ್ಚಿನಲ್ಲಿ ಕತ್ತಿ ಹಿಡಿಯುವ ಬಲಗೈ ಕೂರುವ ಗುಳಿ ಖಾಲಿ.

ಆಗ ಮಗ ಆ ಹಳದಿ ಚೀಟಿಗೆ ಫೋನ್ ಕ್ಯಾಮೆರಾ ಹಿಡಿದು ಅನುವಾದ ನೋಡಿದ. ಕೆಪ್ಪಿನ್. ಭಾಗ ಕಡಿಮೆ ಇದೆ ಅಂತ ಅರ್ಥ. ಮಾರಿದವರು ಸುಳ್ಳು ಹೇಳಿರಲೇ ಇಲ್ಲ, ಬರೆದೇ ಇಟ್ಟಿದ್ದರು. ಹತ್ತು ಸೆಕೆಂಡ್ ಕ್ಯಾಮೆರಾ ಹಿಡಿದಿದ್ದರೆ ಸಾಕಿತ್ತು. ನೀವು ಹೋಗುವವರಾದರೆ ಈ ನಾಲ್ಕು ಮಾತು ಬರೆದಿಟ್ಟುಕೊಳ್ಳಿ: ಮಿಕಾಯಿಫೂ ಅಂದರೆ ಡಬ್ಬಿ ತೆರೆದಿಲ್ಲ, ಚೂಕೊ ಅಂದರೆ ಸೆಕೆಂಡ್ ಹ್ಯಾಂಡ್, ಕೆಪ್ಪಿನ್ ಅಂದರೆ ಏನೋ ಇಲ್ಲ, ಜಂಕು ಅಂದರೆ ಕೆಟ್ಟಿರಬಹುದು, ವಾಪಸ್ ಕೇಳಬೇಡಿ ಅಂತ. ಅಲ್ಲಿ ಸೆಕೆಂಡ್ ಹ್ಯಾಂಡ್ ಮಾಲು ಎಷ್ಟೋ ಸಲ ಹೊಸದರ ಹಾಗೇ ಇರುತ್ತೆ, ಅದಕ್ಕೆ ಹೆದರಬೇಡಿ, ಚೀಟಿ ಓದಿ. ನಾವು ಒಸಾಕಾದಲ್ಲೇ ತಗೊಂಡಿದ್ದರೆ ರಾತ್ರಿ ರೂಮಿನಲ್ಲಿ ಬಿಚ್ಚಿ ನೋಡುತ್ತಿದ್ದೆವು, ಕೈ ಇಲ್ಲ ಅಂತ ಗೊತ್ತಾದರೆ ಕ್ಯೋಟೊದಲ್ಲೋ ಟೋಕಿಯೊದಲ್ಲೋ ಇನ್ನೊಂದು ಹುಡುಕುತ್ತಿದ್ದೆವು.

ಟೋಕಿಯೊ ಪಕ್ಕದ ಮಿತಕದಲ್ಲಿರುವ, ಜಿಬ್ಲಿ ಅನ್ನುವ ಅನಿಮೆ ಸ್ಟುಡಿಯೊದ ಮ್ಯೂಸಿಯಂ ಕೂಡ ತಪ್ಪಿತು, ಅದು ಸಣ್ಣ ಕಥೆ: ಬಾಗಿಲಲ್ಲಿ ಟಿಕೆಟ್ ಕೊಡುವುದಿಲ್ಲ. ಪ್ರತಿ ತಿಂಗಳು 10ನೇ ತಾರೀಕು ಜಪಾನ್ ಸಮಯ ಬೆಳಿಗ್ಗೆ ಹತ್ತಕ್ಕೆ, ನಮಗೆ ಆರೂವರೆಗೆ, ಮುಂದಿನ ತಿಂಗಳ ಟಿಕೆಟ್ ಬಿಡುತ್ತಾರೆ. ಅಲಾರಂ ಇಟ್ಟುಕೊಳ್ಳಿ.

ಮಗನ ಕೈಯಲ್ಲಿ ಉಳಿದಿದ್ದ 2,900 ಯೆನ್‌ನಲ್ಲಿ 500 ನರಿಟಾದ ಗಚಾಪೊನ್ ಮೆಷಿನ್ನಿಗೆ ಹೋಯಿತು, ನಾಣ್ಯ ಹಾಕಿ ತಿರುಗಿಸಿದರೆ ಗೋಲದೊಳಗೆ ಏನೋ ಒಂದು ಬೀಳುತ್ತೆ. ಬಿದ್ದದ್ದು ಸುಶಿ ಮೇಲೆ ಮಲಗಿದ ಬೆಕ್ಕು. ವಿಮಾನದಲ್ಲಿ ಅವನು ನನ್ನ ಜೊತೆ ಮಾತಾಡಲಿಲ್ಲ, ಬೆಕ್ಕನ್ನು ಮಾತ್ರ ಟ್ರೇ ಮೇಲೆ ಇಟ್ಟುಕೊಂಡಿದ್ದ.

ಬಲಗೈಯನ್ನು ಅವನು ಆಮೇಲೆ ಎಂ-ಸೀಲ್‌ನಲ್ಲಿ ಮಾಡಿ ಬಣ್ಣ ಬಳಿದಿದ್ದಾನೆ. ಕತ್ತಿ ನಿಲ್ಲುವುದಿಲ್ಲ, ಫ್ಯಾನ್ ಹಾಕಿದರೆ ಬೀಳುತ್ತೆ. ಅಕ್ಟೋಬರ್‌ನಲ್ಲಿ ನನ್ನ ತಮ್ಮನ ಮನೆಯವರು ಹೊರಟಿದ್ದಾರೆ, ಅದೇ ಟ್ರಾವೆಲ್ಸ್. ಮೊನ್ನೆ ಅವರ ಪ್ಲಾನ್ ಕಳಿಸಿದ್ದ, ಕೊನೇ ದಿನದ ಮುಂದೆ "ಶಾಪಿಂಗ್" ಅಂತ ಇತ್ತು. ತಕ್ಷಣ ಫೋನ್ ಮಾಡಿದೆ.