ಒಬ್ಬರೇ ಬ್ಯಾಂಕಾಕಿಗೆ: ರೈಲಿಗೆ ಪೂರ್ತಿ ಅಂಕ, ಗಲ್ಲಿಗಳಿಗೆ ಅರ್ಧ

ಒಬ್ಬರೇ ಹೋಗುವವರ ಲೆಕ್ಕದಲ್ಲಿ ಬ್ಯಾಂಕಾಕಿಗೆ ಐದಕ್ಕೆ ಮೂರೂವರೆ ಅಂಕ. ಬ್ಯಾಂಕಾಕಿನ ರೈಲು, ದೋಣಿ, ರಸ್ತೆ ಬದಿಯ ಊಟ ಒಬ್ಬರೇ ಬಂದವರನ್ನು ಚೆನ್ನಾಗಿ ನೋಡಿಕೊಳ್ಳುತ್ತವೆ. ಕೈಕೊಡುವುದು ಸ್ಟೇಷನ್ನಿನಿಂದ ರೂಮಿಗೆ ಹೋಗುವ ಕೊನೆಯ ಅರ್ಧ ಕಿಲೋಮೀಟರು. ಗುಂಪಿನಲ್ಲಿ ಹೋದವರಿಗೆ ಇದು ಗೊತ್ತೇ ಆಗುವುದಿಲ್ಲ, ಏಜೆಂಟರ ಗಾಡಿ ಬಾಗಿಲಿಗೇ ತಂದು ಬಿಡುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಮೊದಲ ಫಾರಿನ್ ಅಂತ ಒಬ್ಬರೇ ಹೊರಡುವವರಿಗೆ ಮಾತ್ರ ಇಡೀ ಪ್ರವಾಸ ಆ ಅರ್ಧ ಕಿಲೋಮೀಟರಿನ ಮೇಲೆಯೇ ನಿಂತಿರುತ್ತದೆ.

ಹೊರಡುವ ವಿಷಯ ಬೇಗ ಮುಗಿಸೋಣ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಒಂದು ಟಿಕೆಟ್, ಅಲ್ಲಿಂದ ಬ್ಯಾಂಕಾಕಿಗೆ ಇನ್ನೊಂದು ಅಂತ ಬೇರೆ ಬೇರೆ ತೆಗೆಸಿದ್ದರೆ, ಮೊದಲ ವಿಮಾನ ತಡವಾಯಿತೆಂದು ಎರಡನೆಯವರು ಕಾಯುವುದಿಲ್ಲ, ರೊಕ್ಕವೂ ವಾಪಸ್ ಬರುವುದಿಲ್ಲ. ನಡುವೆ ಆರು ತಾಸು ಬಿಡಿ. ರಾತ್ರಿ ಸ್ಲೀಪರ್ ಬಸ್ಸಿನವರು ಮೆಜೆಸ್ಟಿಕ್ ತನಕ ಹೋಗದೆ ಗೊರಗುಂಟೆಪಾಳ್ಯದಲ್ಲಿ ಇಳಿದರೆ ವಿಮಾನ ನಿಲ್ದಾಣಕ್ಕೆ ಹೋಗುವ ಹೆಬ್ಬಾಳದ ದಾರಿ ಹತ್ತಿರ. ವಿಜಯಪುರದವರಿಗೆ ಸೊಲ್ಲಾಪುರದ ಮೇಲೆ ಮುಂಬೈಗೆ ಹೋಗಿ ಅಲ್ಲಿಂದ ಹಾರುವ ದಾರಿಯೂ ಇದೆ. ಭಾರತೀಯರ ವೀಸಾ ನಿಯಮವನ್ನು ಥಾಯ್ಲೆಂಡ್ ಈಚೆಗೆ ಮೇಲಿಂದ ಮೇಲೆ ಬದಲಿಸಿದೆ, ಹೀಗಾಗಿ ಟಿಕೆಟಿಗೆ ಮೊದಲು ರಾಯಭಾರ ಕಚೇರಿಯ ಜಾಲತಾಣ ನೋಡಬೇಕು. ಅದರ ಜತೆಗೆ 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯವಾಗಿದೆ. ಇಳಿಯುವ ದಿನಕ್ಕೆ ಮೂರು ದಿನ ಮುಂಚಿನಿಂದ ಆನ್‌ಲೈನಿನಲ್ಲಿ ತುಂಬಬಹುದು, ಪೂರ್ತಿ ಉಚಿತ. ಗೂಗಲ್ ಮಾಡಿದಾಗ ಮೇಲೆ ಬರುವ, ಡಾಲರ್ ಕೇಳುವ ಜಾಲತಾಣಗಳು ಸರ್ಕಾರದವಲ್ಲ.

ಸುವರ್ಣಭೂಮಿ ವಿಮಾನ ನಿಲ್ದಾಣದ ನೆಲಮಾಳಿಗೆಯಿಂದ ಏರ್‌ಪೋರ್ಟ್ ರೈಲು ಹೊರಡುತ್ತದೆ. ಕೊನೆಯ ಸ್ಟೇಷನ್ ಫಯಾ ಥಾಯ್, 45 ಬಾತ್, ಅರ್ಧ ತಾಸಿನೊಳಗೆ ಮುಟ್ಟಿಸುತ್ತದೆ. ಒಂದು ಬಾತಿಗೆ ಎರಡೂವರೆಯಿಂದ ಮೂರು ರೂಪಾಯಿ ಹಿಡಿಯಿರಿ. ಆದರೆ ಈ ರೈಲು ನಡುರಾತ್ರಿ ನಿಲ್ಲುತ್ತದೆ, ಮತ್ತೆ ಶುರುವಾಗುವುದು ಬೆಳಿಗ್ಗೆ ಐದೂವರೆಯ ಮೇಲೆ. ನಮ್ಮ ಕಡೆಯ ಎಷ್ಟೋ ವಿಮಾನಗಳು ಇಳಿಯುವುದು ಸರಿಯಾಗಿ ಈ ನಡುವಿನ ಹೊತ್ತಿನಲ್ಲಿ. ಆಗ ಮೀಟರ್ ಟ್ಯಾಕ್ಸಿಯೇ ಗತಿ: ಮೀಟರಿನ ಹಣ, ನಿಲ್ದಾಣದ ಶುಲ್ಕ 50 ಬಾತ್, ಎಕ್ಸ್‌ಪ್ರೆಸ್‌ವೇ ಟೋಲ್ ಬೇರೆ. ನಾಲ್ಕು ಜನ ಹಂಚಿಕೊಂಡರೆ ಏನೂ ಅನ್ನಿಸದ ಈ ಮೊತ್ತ ಒಬ್ಬರಿಗೆ ಮೈಮೇಲೆ ಬರುತ್ತದೆ. ಬೆಳಗಿನ ನಾಲ್ಕರ ಮೇಲೆ ಇಳಿದವರು ಒಳಗೇ ಒಂದು ಕಾಫಿ ಕುಡಿದು ಮೊದಲ ರೈಲು ಕಾಯುವುದು ಮೇಲು.

ಇನ್ನು ರೂಮು. ಬುಕಿಂಗ್ ಆ್ಯಪಿನ ನಕ್ಷೆಯಲ್ಲಿ 'ಸ್ಟೇಷನ್ನಿನಿಂದ 600 ಮೀಟರ್' ಎಂದಿದ್ದರೆ ನಂಬಬೇಡಿ. ಸೊಯಿ ಅಂದರೆ ಅಲ್ಲಿನ ಅಡ್ಡಗಲ್ಲಿ. ದೊಡ್ಡ ರಸ್ತೆಯ ಒಂದು ಬದಿಗೆ ಬೆಸ ಸಂಖ್ಯೆಯ ಸೊಯಿಗಳು, ಇನ್ನೊಂದು ಬದಿಗೆ ಸಮ ಸಂಖ್ಯೆಯವು. ಎರಡೂ ಬದಿ ತಮ್ಮ ಪಾಡಿಗೆ ತಾವು ಏರುತ್ತ ಹೋಗುವುದರಿಂದ ಸುಖುಮ್ವಿತ್ ರಸ್ತೆಯಲ್ಲಿ 55ನೇ ಸೊಯಿಯ ಎದುರಿಗೆ 38ನೆಯದು ಇದೆ. ಎದುರು ಬದಿಯ ಸಂಖ್ಯೆ ನೋಡಿ ಲೆಕ್ಕ ಹಾಕಿದರೆ ಬ್ಯಾಗ್ ಎಳೆದುಕೊಂಡು ಹಿಂದೆ ಮುಂದೆ ಓಡಾಡಬೇಕಾಗುತ್ತದೆ. ಬಹಳ ಸೊಯಿಗಳು ಒಂದೇ ಬಾಯಿಯವು. ಹಿಂದಿನ ರಸ್ತೆಯ ಹೋಟೆಲು ನಕ್ಷೆಯಲ್ಲಿ ಪಕ್ಕದಲ್ಲೇ ಕಂಡರೂ ನಡೆಯುವ ದಾರಿ ಸುತ್ತು. ನಕ್ಷೆಯನ್ನು 'ನಡಿಗೆ'ಗೆ ಇಟ್ಟು, ಸ್ಟೇಷನ್ನಿನ ಯಾವ ಎಕ್ಸಿಟ್ಟಿನಿಂದ ಎಷ್ಟು ನಿಮಿಷ ಎಂದು ನೋಡಿ. ಐದು ನಿಮಿಷ ದಾಟಿದರೆ ಬೇರೆ ರೂಮು ಹುಡುಕಿ, ದಿನಕ್ಕೆ ಇನ್ನೂರು ಬಾತ್ ಹೆಚ್ಚಾದರೂ ಸರಿ.

ಏಕೆಂದರೆ ಅಲ್ಲಿನ ಫುಟ್‌ಪಾತಿನಲ್ಲಿ ನಡೆಯುವುದು ಸುಲಭವಲ್ಲ. ಕುದಿಯುವ ಸಾರಿನ ಗಾಡಿ, ಪ್ಲಾಸ್ಟಿಕ್ ಸ್ಟೂಲು, ಕೈಗೆಟಕುವ ಕೇಬಲ್ ಗಂಟು, ಎದ್ದ ಹಾಸುಗಲ್ಲು, ಎಲ್ಲ ಅದರ ಮೇಲೆಯೇ. ಟ್ರಾಫಿಕ್ ಕಟ್ಟಿಕೊಂಡಾಗ ಬೈಕಿನವರೂ ಅದನ್ನೇ ಹತ್ತುತ್ತಾರೆ. ಬೆಳಗಾವಿಯ ಖಡೇ ಬಜಾರಿನಲ್ಲಿ ಹಿಂದಿನಿಂದ ಬರುವ ಗಾಡಿ ಹಾರ್ನಿನಿಂದಲೇ ಗೊತ್ತಾಗುತ್ತದೆ, ಕಣ್ಣಿಗಿಂತ ಕಿವಿ ನಂಬಿ ನಡೆಯುವವರು ನಾವು. ಬ್ಯಾಂಕಾಕಿನಲ್ಲಿ ಹಾರ್ನ್ ಹೊಡೆಯುವುದು ಬಲು ಅಪರೂಪ. ಇಷ್ಟು ಗದ್ದಲದ ಊರು ಇಷ್ಟು ಮೌನವಾಗಿರುವುದು ಮೊದಲು ಖುಷಿ ಕೊಡುತ್ತದೆ, ಆಮೇಲೆ ಮೊಣಕೈ ಸವರಿಕೊಂಡು ಬೈಕೊಂದು ಹೋದಾಗ ತೊಂದರೆ ಅರ್ಥವಾಗುತ್ತದೆ. ಫುಟ್‌ಪಾತಿನಲ್ಲೂ ಅಡ್ಡ ಸರಿಯುವ ಮುಂಚೆ ಹಿಂದೆ ನೋಡಿ. ಗಾಡಿಗಳು ನಮ್ಮಂತೆ ಎಡಕ್ಕೇ ಓಡುತ್ತವೆ, ಅದೊಂದು ಸಮಾಧಾನ. ಜೀಬ್ರಾ ಪಟ್ಟೆಗೆ ಮರ್ಯಾದೆ ನಮ್ಮಲ್ಲಿ ಇದ್ದಷ್ಟೇ.

ಕಿತ್ತಳೆ ಜಾಕೆಟ್ಟಿನ ಬೈಕ್ ಟ್ಯಾಕ್ಸಿಗಳು ಸೊಯಿಯ ಬಾಯಲ್ಲೇ ನಿಂತಿರುತ್ತವೆ. ದರದ ಬೋರ್ಡು ಪಕ್ಕದಲ್ಲಿದ್ದರೂ ಹೆಚ್ಚಾಗಿ ಥಾಯ್ ಲಿಪಿಯಲ್ಲೇ. ಹತ್ತುವ ಮುಂಚೆ ಹಣ ಮಾತಾಡಿ, ಹೆಲ್ಮೆಟ್ ಕೇಳಿ ಪಡೆಯಿರಿ. ಎಷ್ಟೋ ಪ್ರವಾಸ ವಿಮೆಗಳು ಬೈಕ್ ಅಪಘಾತವನ್ನು ಹೊರಗಿಟ್ಟಿರುತ್ತವೆ, ಪಾಲಿಸಿಯ ಆ ಸಾಲನ್ನು ಮನೆಯಲ್ಲೇ ಓದಿಕೊಂಡು ಹೋಗಿ.

ರೈಲಿಗೆ ಪೂರ್ತಿ ಅಂಕ ಯಾಕೆಂದರೆ ಅಲ್ಲಿ ಚೌಕಾಶಿಯಿಲ್ಲ, ಭಾಷೆ ಬೇಕಿಲ್ಲ, ತಣ್ಣಗಿರುತ್ತದೆ. ಮೇಲೆ ಓಡುವ ಬಿಟಿಎಸ್ 1999ರದು, ನೆಲದಡಿಯ ಎಂಆರ್‌ಟಿ 2004ರದು. ಎರಡರ ಟಿಕೆಟ್ ಬೇರೆ, ಒಂದೇ ಜಾಗದ ಸ್ಟೇಷನ್ನುಗಳ ಹೆಸರೂ ಬೇರೆ. ಬಿಟಿಎಸ್‌ನ ಅಸೋಕ್ ಎಂಆರ್‌ಟಿಯಲ್ಲಿ ಸುಖುಮ್ವಿತ್, ಸಾಲಾ ಡೇಂಗ್ ಅಲ್ಲಿ ಸಿಲೊಮ್, ಮೋ ಚಿತ್ ಅಲ್ಲಿ ಚಾತುಚಕ್ ಪಾರ್ಕ್. ಎಂಆರ್‌ಟಿ ಗೇಟಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ತಾಗಿಸಿದರೆ ಸಾಕು, ಆದರೆ ಬ್ಯಾಂಕ್ ಆ್ಯಪಿನಲ್ಲಿ ವಿದೇಶಿ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿರಬೇಕು. ಒಂದು ಬಿಟ್ಟರೂ ಗೇಟು ತೆರೆಯದು. ಬೆಳಿಗ್ಗೆ ಎಂಟು, ಸಂಜೆ ಆರಕ್ಕೆ ಸ್ಟೇಷನ್ನಿನಲ್ಲಿ ರಾಷ್ಟ್ರಗೀತೆ ಬರುತ್ತದೆ, ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ, ನೀವೂ ನಿಲ್ಲಿ. ರಾಜಮನೆತನದ ಬಗ್ಗೆ ತಮಾಷೆ ಬೇಡ, ಫೇಸ್‌ಬುಕ್ಕಿನಲ್ಲೂ ಬೇಡ. ಅಲ್ಲಿನ ದಂಡ ಸಂಹಿತೆಯ 112ನೇ ಕಲಮಿಗೆ ಮೂರರಿಂದ ಹದಿನೈದು ವರ್ಷ ಜೈಲು. ಇ-ಸಿಗರೇಟಿಗೂ ನಿಷೇಧವಿದೆ.

ನದಿಯ ದೋಣಿ ಇನ್ನೂ ಸುಲಭ. ಸಫಾನ್ ತಕ್ಸಿನ್ ಸ್ಟೇಷನ್ನಿನ ಕೆಳಗೇ ಸಾಥೊನ್ ಘಾಟು. ಕಿತ್ತಳೆ ಬಾವುಟದ ದೋಣಿ ಎಷ್ಟು ದೂರಕ್ಕಾದರೂ 16 ಬಾತಿನ ಆಸುಪಾಸು. ನೀಲಿ ಬಾವುಟದ್ದು ಪ್ರವಾಸಿಗರದು, ದರ ಎಷ್ಟೋ ಹೆಚ್ಚು, ಕೌಂಟರಿನಲ್ಲಿ ಮೊದಲು ತೋರಿಸುವುದೂ ಅದನ್ನೇ. ಊರಿನ ನಿಜವಾದ ರುಚಿ ಮಾತ್ರ ಸೇನ್ ಸೇಪ್ ಕಾಲುವೆಯ ದೋಣಿಯಲ್ಲಿದೆ. ಘಾಟಿನಲ್ಲಿ ಅದು ನಿಲ್ಲುವುದು ಕೆಲವೇ ಸೆಕೆಂಡು. ಅಂಚಿನ ಮೇಲೆ ಕಾಲಿಟ್ಟು, ಹಗ್ಗ ಹಿಡಿದು, ಬಾಗಿ ಒಳಗೆ ಇಳಿಯಬೇಕು. ಟಿಕೆಟ್ ಕೊಡುವವರು ಹೆಲ್ಮೆಟ್ ಹಾಕಿಕೊಂಡು ಹೊರ ಅಂಚಿನ ಮೇಲೇ ನಡೆದಾಡುತ್ತಾರೆ. ಎದುರಿನಿಂದ ಇನ್ನೊಂದು ದೋಣಿ ಬಂದಾಗ ಅಂಚಿನಲ್ಲಿ ಕುಳಿತವರು ಹಗ್ಗ ಜಗ್ಗಿ ಪ್ಲಾಸ್ಟಿಕ್ ಪರದೆ ಮೇಲೆತ್ತುತ್ತಾರೆ. ಅಂಚಿನ ಸೀಟು ಹಿಡಿದರೆ ಆ ಕೆಲಸ ನಿಮ್ಮದು. ತಡಮಾಡಿದರೆ ಕಪ್ಪು ನೀರು ಮುಖಕ್ಕೆ ಬಡಿಯುತ್ತದೆ, ವಾಸನೆ ಸಂಜೆತನಕ ಹೋಗುವುದಿಲ್ಲ. ಪ್ರತುನಾಮಿನಲ್ಲಿ ದೋಣಿ ಬದಲಿಸಬೇಕು. ದೊಡ್ಡ ಬ್ಯಾಗ್ ಇದ್ದ ದಿನ ಇದರ ಗೊಡವೆ ಬೇಡ.

ಊಟದಲ್ಲಿ ನಮ್ಮ ಕಡೆಯ ಶಾಕಾಹಾರಿಗಳು ಸೋಲುವುದು ಮಾಂಸದಿಂದಲ್ಲ, ಮೀನಿನ ನೀರಿನಿಂದ. ಬರೀ ಕಾಯಿಪಲ್ಯ ಹುರಿದು ಕೊಟ್ಟರೂ ಉಪ್ಪಿನ ಬದಲು ಬೀಳುವುದು ನಾಮ್ ಪ್ಲಾ ಎಂಬ ಆ ಮೀನಿನ ನೀರು, ಅದರ ಮೇಲೆ ಆಯ್ಸ್ಟರ್ (ಸಿಂಪಿ) ಸಾಸ್. ಪಪ್ಪಾಯಿ ಕೋಸಂಬರಿಯಂತೆ ಕಾಣುವ ಸೊಮ್ ತಾಮಿನಲ್ಲಿ ಒಣ ಸಿಗಡಿ. 'ವೆಜ್' ಎಂದರೆ ಕಾಣುವ ಮಾಂಸದ ತುಂಡು ತೆಗೆದು ಕೊಡುತ್ತಾರೆ, ಅಷ್ಟೇ. 'ಮೈ ಸೈ ನಾಮ್ ಪ್ಲಾ' (ನಾಮ್ ಪ್ಲಾ ಹಾಕಬೇಡಿ) ಅನ್ನಿ, ಇಲ್ಲವೆ ಮೊಬೈಲಿನಲ್ಲಿ ಥಾಯ್ ಲಿಪಿಯಲ್ಲೇ ತೋರಿಸಿ. ಇದಕ್ಕಿಂತ ಭದ್ರ ದಾರಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ 'ಜೇ' ಅಂಗಡಿ. ಅಲ್ಲಿ ಮೀನು, ಮೊಟ್ಟೆ, ಹಾಲು ಇಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿಯೂ ಇಲ್ಲ, ಹೀಗಾಗಿ ರುಚಿ ಸ್ವಲ್ಪ ಸಪ್ಪೆ. ಮಾಲುಗಳ ಫುಡ್ ಕೋರ್ಟಿನಲ್ಲಿ ಸಾಮಾನ್ಯವಾಗಿ ಇಂಥ ಒಂದು ಮಳಿಗೆ ಸಿಗುತ್ತದೆ. ಕೌಂಟರಿನಲ್ಲಿ ಕಾರ್ಡಿಗೆ ದುಡ್ಡು ತುಂಬಿಸಿಕೊಂಡು ತಿಂದು, ಉಳಿದದ್ದನ್ನು ವಾಪಸ್ ಪಡೆಯುವುದು ಪದ್ಧತಿ. ಅಸೋಕ್ ಸ್ಟೇಷನ್ನಿಗೆ ಹೊಂದಿಕೊಂಡ ಟರ್ಮಿನಲ್ 21ರದು ಅಗ್ಗ. ಗೋಧಿ ರೊಟ್ಟಿ, ದಾಲ್ ನೆನಪಾದರೆ ಸಾಮ್ ಯೋತ್ ಸ್ಟೇಷನ್ನಿನ ಹತ್ತಿರದ ಫಾಹುರತ್, ಗುರುದ್ವಾರದ ಸುತ್ತಲಿನ ಓಣಿಗಳು. ಇಷ್ಟಾದರೂ ಬ್ಯಾಗಿನಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡದ ಕರದಂಟು ಇರಲಿ. ರೊಟ್ಟಿಯನ್ನು ಗಾಳಿಯಾಡದ ಡಬ್ಬಿಯಲ್ಲೇ ಇಡಬೇಕು, ಅಲ್ಲಿನ ಹವೆಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಕುಂದಾ ಒಯ್ಯಬೇಡಿ, ಹಾಲಿನದು, ಕೆಡುತ್ತದೆ.

ಒಬ್ಬರೇ ಉಣ್ಣುವುದಕ್ಕೆ ಇದರಷ್ಟು ಹಿತವಾದ ಊರು ಕಡಿಮೆ. ಪ್ರಮಾಣ ಒಬ್ಬರಿಗೆಂದೇ ಅಳೆದಂತಿರುತ್ತದೆ, ಒಂಟಿ ಮೇಜು ಕೊಡಲು ಯಾರೂ ಮುಖ ಸಿಂಡರಿಸುವುದಿಲ್ಲ. ಆದರೆ ಯಾವ ಊರು, ಏನು ಕೆಲಸ ಎಂದು ಕೇಳುವವರೂ ಇಲ್ಲ. ಮೊದಲ ಎರಡು ದಿನ ಹಾಯೆನಿಸುವ ಇದೇ ಸಂಗತಿ ನಾಲ್ಕನೇ ದಿನದ ಹೊತ್ತಿಗೆ ಬೇಸರ ತರಬಹುದು. ಮಾತಿಗೆ ಸಿಗುವವರು ಹೆಚ್ಚಾಗಿ ಏನನ್ನೋ ಮಾರುವವರೇ.

ಗ್ರ್ಯಾಂಡ್ ಪ್ಯಾಲೇಸ್ ಅರಮನೆಯ ಗೇಟಿನ ಬಳಿ ಸಿಗುವವರಂತೂ ಪಕ್ಕಾ. ಇಸ್ತ್ರಿ ಅಂಗಿ ತೊಟ್ಟ ಸಭ್ಯ ಮನುಷ್ಯ, 'ಇವತ್ತು ಪೂಜೆ, ಅರಮನೆ ಬಂದ್, 20 ಬಾತಿಗೆ ಟುಕ್‌ಟುಕ್‌ನಲ್ಲಿ ನಾಲ್ಕು ಗುಡಿ ತೋರಿಸುತ್ತಾರೆ' ಅನ್ನುತ್ತಾನೆ. ಟುಕ್‌ಟುಕ್ ನಿಲ್ಲುವುದು ಹರಳಿನ ಅಂಗಡಿ, ಸೂಟ್ ಹೊಲಿಯುವ ಅಂಗಡಿಗಳ ಮುಂದೆ, ಚಾಲಕನಿಗೆ ಅಲ್ಲಿ ಕಮಿಷನ್. ಉತ್ತರ ಕೊಡದೆ ಟಿಕೆಟ್ ಕೌಂಟರಿನತನಕ ನಡೆಯಿರಿ. ಅರಮನೆಗೆ 500 ಬಾತ್, ಮಧ್ಯಾಹ್ನ ಮೂರೂವರೆಗೆ ಟಿಕೆಟ್ ಬಂದ್, ಭುಜ ಮೊಣಕಾಲು ಮುಚ್ಚಿರಬೇಕು. ಕೈ ಬಿಗಿಯಿದ್ದರೆ ಅದನ್ನು ಬಿಟ್ಟು 46 ಮೀಟರ್ ಉದ್ದದ ಮಲಗಿದ ಬುದ್ಧನಿರುವ ವಾಟ್ ಫೋ ಗುಡಿ ನೋಡಿ. ಅಲ್ಲಿ ನಿಂತು ನೋಡಲು ಪುರುಸೊತ್ತು ಸಿಗುತ್ತದೆ.

ಎಟಿಎಂನಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಇನ್ನೂ ಹೆಚ್ಚು ಕತ್ತರಿಸುತ್ತಾರೆ, ಹಾಗಾಗಿ ಸಣ್ಣ ಮೊತ್ತ ತೆಗೆಯುವುದು ದಂಡ. 'ರೂಪಾಯಿಗೆ ಬದಲಿಸಲೇ' ಎಂದು ಯಂತ್ರ ಕೇಳಿದರೆ ಬೇಡ ಅನ್ನಿ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿನ ಬೋರ್ಡಿಗೆ ಕೂರುವುದಿಲ್ಲ, ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಕೂರುತ್ತದೆ.

ಬಿಸಿಲಿನ ಬಗ್ಗೆ ವಿಜಯಪುರದವರಿಗೆ ಒಂದು ಹುಸಿ ಧೈರ್ಯ ಇರುತ್ತದೆ. ನಮ್ಮ 40 ಡಿಗ್ರಿ ಒಣ ಬಿಸಿಲು, ನೆರಳಿಗೆ ಬಂದರೆ ಬೆವರು ಆರುತ್ತದೆ. ಅಲ್ಲಿ 34ಕ್ಕೇ ಮೈ ಅಂಟಂಟು, ನೆರಳಿನಲ್ಲೂ ಬೆವರು ಆರದು, ನೀರಡಿಕೆ ಗೊತ್ತಾಗದೆ ತಲೆ ಸುತ್ತುತ್ತದೆ. ನವೆಂಬರಿನಿಂದ ಫೆಬ್ರುವರಿ ವಾಸಿ, ಆದರೆ ಜನವರಿಯ ಮೇಲೆ ಹೊಗೆಮಂಜಿನ ಕಾಟ. ಉಬ್ಬಸವಿದ್ದವರು ನವೆಂಬರ್ ಕೊನೆ, ಡಿಸೆಂಬರ್ ಆರಿಸಿಕೊಳ್ಳಿ.

ವಾಪಸು ಬರುವ ದಿನ ಸಂಜೆ ಐದರಿಂದ ಎಂಟರ ನಡುವೆ ಟ್ಯಾಕ್ಸಿ ಹತ್ತಬೇಡಿ, ವಿಮಾನ ನಿಲ್ದಾಣಕ್ಕೆ ಎರಡು ತಾಸು ಬೇಕಾದರೂ ಆದೀತು. ಬ್ಯಾಗನ್ನು ಹೋಟೆಲಿನಲ್ಲೇ ಬಿಟ್ಟು ಊರು ಸುತ್ತಿ, ಏಳರ ಹೊತ್ತಿಗೆ ಫಯಾ ಥಾಯ್ ಸೇರಿಕೊಳ್ಳಿ. ಅದು ಮೊದಲ ಸ್ಟೇಷನ್ ಆದ್ದರಿಂದ ಬ್ಯಾಗಿಗೂ ಜಾಗ ಸಿಗುತ್ತದೆ, ನಡುವೆ ಮಕ್ಕಾಸಾನಿನಲ್ಲಿ ಹತ್ತಿದರೆ ನಿಂತೇ ಹೋಗಬೇಕು.