ಯಾರು ಯಾರ ಜೊತೆ ಕೂತರು? ಕಾಂಗ್ರೆಸ್ ಡಾಟ್ ಗವ್ ಹೇಳುವುದೂ ಹೇಳದಿರುವುದೂ

ಪಕ್ಷಭೇದ ಮರೆತು ದೇಶದ ಕೆಲಸ ಮಾಡುತ್ತೇನೆ ಎನ್ನದ ಸೆನೆಟರ್ ಅಮೆರಿಕದಲ್ಲಿ ಸಿಗುವುದು ಕಷ್ಟ. ಆಡಿದಂತೆ ನಡೆದವರು ಯಾರು ಎಂದು ನೋಡಬೇಕಾದಾಗ ನಾನು ತೆರೆಯುವುದು ಅಲ್ಲಿನ ಶಾಸನಸಭೆಯಾದ ಕಾಂಗ್ರೆಸ್‌ನ ದಾಖಲೆಗಳ ಜಾಲತಾಣವಾದ ಕಾಂಗ್ರೆಸ್ ಡಾಟ್ ಗವ್ ಅನ್ನು. ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ನಡೆಸುತ್ತದೆ. ಶುಲ್ಕವಿಲ್ಲ, ಓದಲು ಖಾತೆಯೂ ಬೇಕಿಲ್ಲ. 1995ರಲ್ಲಿ 'ಥಾಮಸ್' ಎಂಬ ಹೆಸರಿನಲ್ಲಿ ಆರಂಭವಾದ ಸೇವೆಯ ಜಾಗಕ್ಕೆ 2012ರಲ್ಲಿ ಬಂದದ್ದು ಇದು. ರಾಜ್ಯಶಾಸ್ತ್ರ ಕಲಿಸುವ ನನಗೆ ಇದು ದಿನಬಳಕೆಯ ಸಾಧನ.

ನನಗೆ ಅತ್ಯಂತ ಪ್ರಿಯವಾದದ್ದು ಪ್ರತಿ ಮಸೂದೆಯ ಪುಟದಲ್ಲೂ ಇರುವ 'ಕೋಸ್ಪಾನ್ಸರ್ಸ್' ವಿಭಾಗ. ಮಸೂದೆಯನ್ನು ಮಂಡಿಸಿದವರ ಜೊತೆ ಹೆಸರು ಸೇರಿಸಿದವರ ಪಟ್ಟಿ ಅದು. ಹೆಸರಿನ ಪಕ್ಕದಲ್ಲೇ ಪಕ್ಷ, ರಾಜ್ಯ ಮತ್ತು ಸೇರಿದ ದಿನಾಂಕ ಇರುತ್ತದೆ. ಮಂಡನೆಯ ದಿನವೇ ಜೊತೆಗಿದ್ದವರಿಗೆ ನಕ್ಷತ್ರದ ಗುರುತು. ಮೊದಲ ದಿನವೇ ಹೆಗಲು ಕೊಟ್ಟವರು ಯಾರು, ಗೆಲುವು ಖಚಿತವಾದ ಮೇಲೆ ಬಂದವರು ಯಾರು ಎಂಬುದನ್ನು ದಿನಾಂಕಗಳೇ ಹೇಳುತ್ತವೆ. ಕಾಂಗ್ರೆಸ್‌ನ ಸಂಶೋಧನಾ ಸೇವೆಯ ತಜ್ಞರು ಬರೆಯುವ ಮಸೂದೆಯ ಸಾರಾಂಶವೂ ಅಷ್ಟೇ ಅಚ್ಚುಕಟ್ಟು: ಹೊಗಳಿಕೆಯಿಲ್ಲ, ತೆಗಳಿಕೆಯಿಲ್ಲ, ಕಾನೂನು ಏನು ಮಾಡುತ್ತದೆ ಎಂಬುದು ಮಾತ್ರ.

ಆದರೆ ಮಧ್ಯಮ ಮಾರ್ಗದ ರಾಜಕಾರಣಿಯ ಕೆಲಸವನ್ನು ಈ ಪಟ್ಟಿಯಿಂದಲೇ ಅಳೆಯಲು ಹೊರಟರೆ ದಾರಿ ತಪ್ಪುತ್ತದೆ. ಎಸ್. 4573 ಎಂಬ ಸೆನೆಟ್ ಮಸೂದೆಯನ್ನೇ ನೋಡಿ. 2021ರ ಜನವರಿ 6ರಂದು ಸಂಸತ್ ಭವನದಲ್ಲಿ ನಡೆದ ದಾಂಧಲೆಯ ನಂತರ, ಅಧ್ಯಕ್ಷೀಯ ಚುನಾವಣೆಯ ಮತ ಎಣಿಕೆಯ ಹಳೆಯ ಕಾನೂನನ್ನು ಸರಿಪಡಿಸಲು ಮೇನ್ ರಾಜ್ಯದ ರಿಪಬ್ಲಿಕನ್ ಸೂಸನ್ ಕಾಲಿನ್ಸ್ ಮತ್ತು ವೆಸ್ಟ್ ವರ್ಜೀನಿಯಾದ ಡೆಮಾಕ್ರಟ್ ಜೋ ಮಾಂಚಿನ್ 2022ರ ಜುಲೈನಲ್ಲಿ ತಂದ ಮಸೂದೆ ಇದು. ಉಪಾಧ್ಯಕ್ಷರಿಗೆ ಫಲಿತಾಂಶ ಬದಲಿಸುವ ಅಧಿಕಾರವಿಲ್ಲ ಎಂದು ಇದು ಸ್ಪಷ್ಟಪಡಿಸಿತು. ಆಕ್ಷೇಪ ಎತ್ತಲು ಪ್ರತಿ ಸದನದಿಂದ ಒಬ್ಬೊಬ್ಬ ಸದಸ್ಯರು ಸಾಕಾಗಿದ್ದದ್ದು ಐದನೇ ಒಂದು ಭಾಗಕ್ಕೆ ಏರಿತು. ಸೆನೆಟ್ ಸಮಿತಿಯಲ್ಲಿ 14–1 ಮತಗಳ ಬೆಂಬಲ ಸಿಕ್ಕಿತು.

ಈಗ ಆ ಪುಟ ತೆರೆದರೆ ಮಸೂದೆ ಮಂಡನೆಯ ಹಂತದಲ್ಲೇ ನಿಂತಂತೆ ಕಾಣುತ್ತದೆ. ನಿಜವಾಗಿ ಅದು ಸತ್ತಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಎಚ್.ಆರ್. 2617 ಎಂಬ, ಪ್ರತಿನಿಧಿ ಸಭೆಯ ಭಾರಿ ಬಜೆಟ್ ಮಸೂದೆಯ 'ಪಿ' ವಿಭಾಗವಾಗಿ ಸೇರಿ, ಅಧ್ಯಕ್ಷರ ಅಂಕಿತ ಪಡೆದು ಕಾನೂನಾಯಿತು. ಇಷ್ಟು ದೊಡ್ಡ ಸಾಧನೆಯನ್ನು ಹೊಸ ಓದುಗರು ಸೋಲೆಂದು ತಿಳಿದು ಪುಟ ಮುಚ್ಚುವ ಸಾಧ್ಯತೆಯಿದೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

2021ರ ಮೂಲಸೌಕರ್ಯ ಕಾನೂನಿನದೂ ಇದೇ ಕಥೆ. ಎಚ್.ಆರ್. 3684ರ ಮಂಡಕರು ಪ್ರತಿನಿಧಿ ಸಭೆಯವರು. ತಿಂಗಳುಗಟ್ಟಲೆ ಸಂಧಾನ ನಡೆಸಿದ ಸೆನೆಟರ್‌ಗಳಾದ ರಿಪಬ್ಲಿಕನ್ ರಾಬ್ ಪೋರ್ಟ್‌ಮನ್ ಮತ್ತು ಆಗ ಡೆಮಾಕ್ರಟ್ ಆಗಿದ್ದ ಕಿರ್ಸ್ಟನ್ ಸಿನೆಮಾ ಅವರ ಹೆಸರು ಕೋಸ್ಪಾನ್ಸರ್ ಪಟ್ಟಿಯಲ್ಲಿ ಸಿಗುವುದಿಲ್ಲ. ಅವರ ಕೆಲಸ ಕಾಣಬೇಕಾದರೆ ತಿದ್ದುಪಡಿಗಳ ವಿಭಾಗಕ್ಕೆ ಹೋಗಿ 2137ನೇ ತಿದ್ದುಪಡಿ ತೆರೆಯಬೇಕು. ಸೆನೆಟ್‌ನಲ್ಲಿ 69–30ರಿಂದ ಗೆದ್ದದ್ದು ಆ ಪಠ್ಯ. ರಾಜಿ ಕುದುರಿಸುವವರು ಎಲೆಮರೆಯ ಕಾಯಿಗಳಾಗಿಯೇ ಉಳಿಯುತ್ತಾರೆ.

ಇನ್ನೊಂದು ಕೊರತೆ ಸಮಿತಿಗಳದು. 2009ರ ಅಕ್ಟೋಬರ್‌ನಲ್ಲಿ ಸೆನೆಟ್ ಹಣಕಾಸು ಸಮಿತಿಯಲ್ಲಿ ಆರೋಗ್ಯ ವಿಮೆ ಸುಧಾರಣೆಯ ಪರ ಮತ ಹಾಕಿದ ಏಕೈಕ ರಿಪಬ್ಲಿಕನ್ ಒಲಿಂಪಿಯಾ ಸ್ನೋ. ಡಿಸೆಂಬರ್‌ನಲ್ಲಿ ಸದನದಲ್ಲಿ ಅವರೇ ಅಂತಿಮ ಮಸೂದೆಯ ವಿರುದ್ಧ ಮತ ಹಾಕಿದರು. ಎರಡೂ ಪಕ್ಷಗಳವರು ಅವರನ್ನು ಬೈದರು. ಮಸೂದೆಯ ಗುಣ ನೋಡಿ ನಿರ್ಧರಿಸುವ ಸ್ವಾತಂತ್ರ್ಯವನ್ನು ಉಳಿಸಿಕೊಂಡವರು ಅವರು ಎಂಬುದು ನನ್ನ ಅಭಿಪ್ರಾಯ. ಧ್ರುವೀಕರಣದಿಂದ ಬೇಸತ್ತು 2012ರಲ್ಲಿ ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಘೋಷಿಸಿದರು. ಸದನದ ಮತದಾನಕ್ಕೆ ಈ ತಾಣದಿಂದ ನೇರ ಕೊಂಡಿಯಿದೆ. ಸಮಿತಿಯ ಮತ ಬೇಕಾದರೆ ಮಾತ್ರ ವರದಿಯ ಪುಟಗಳನ್ನು ತಿರುವಿಹಾಕಬೇಕು. ಒಂಟಿಯಾಗಿ ನಿಲ್ಲುವ ಧೈರ್ಯ ಹೆಚ್ಚಾಗಿ ಕಾಣುವುದು ಅಲ್ಲಿಯೇ.

ಹುಡುಕುವಾಗ ಎಷ್ಟನೇ ಕಾಂಗ್ರೆಸ್ (ಎರಡು ವರ್ಷದ ಪ್ರತಿ ಅವಧಿಗೂ ಒಂದು ಸಂಖ್ಯೆಯಿದೆ) ಎಂದು ಮೊದಲೇ ಆರಿಸಿಕೊಳ್ಳಿ, ಇಲ್ಲದಿದ್ದರೆ ಫಲಿತಾಂಶಗಳ ರಾಶಿಯೇ ಬೀಳುತ್ತದೆ. ಉಚಿತ ಖಾತೆ ತೆರೆದರೆ ನಿಮಗೆ ಬೇಕಾದ ಮಸೂದೆಯಲ್ಲಿ ಬದಲಾವಣೆಯಾದಾಗ ಇಮೇಲ್ ಬರುತ್ತದೆ. ವಿದ್ಯಾರ್ಥಿಗಳಿಗೂ ಪತ್ರಕರ್ತರಿಗೂ ಇದು ತುಂಬಾ ಉಪಯುಕ್ತ. ನನ್ನಿಂದ ಐದಕ್ಕೆ ನಾಲ್ಕು ಅಂಕ. ಇನ್ನೊಂದು ಮಸೂದೆಯೊಳಗೆ ಸೇರಿ ಕಾನೂನಾದ ಮಸೂದೆಯ ಪುಟದ ಮೇಲ್ಭಾಗದಲ್ಲೇ ಆ ಸಂಗತಿಯನ್ನು ಎದ್ದು ಕಾಣುವಂತೆ ಬರೆದ ದಿನ ಐದನೆಯದನ್ನೂ ಸಂತೋಷದಿಂದ ಕೊಡುತ್ತೇನೆ.